ಕೊಟ್ಟ ರಕ್ತದ ಲೆಕ್ಕ

2010ರ ಮಹಾವೀರ ಜಯಂತಿಯ ರಕ್ತದಾನ ಶಿಬಿರದಲ್ಲಿ ನಾನೂ ಒಬ್ಬ ದಾನಿಯಾಗಿದ್ದೆ. ಕೆಲವು ದಿನಗಳ ತರುವಾಯ ರಕ್ತನಿಧಿಯಿಂದ ಕರೆ ಬಂದಿತು. ರಕ್ತದಲ್ಲಿ ಹೆಪಟೈಟಿಸ್ ಸಿ ವೈರಾಣುವಿನ ಸುಳಿವು ದೊರೆತಿದೆ, ಮುಂದಿನ ಪರೀಕ್ಷೆಗೆ ಬರಬೇಕು ಎಂದರು. ಯಕೃತ್ತಿನ ರೋಗವೆಂದರೆ ಮದ್ಯಪಾನದ ಫಲವೆಂದೇ ನಮ್ಮ ಜನರ ಭಾವನೆ. ಜೇನುತುಪ್ಪವನ್ನೂ ಮುಟ್ಟದ ಮನೆತನದವನಿಗೆ ಇದೆಲ್ಲಿಂದ ಬಂದಿತೆಂದು ದಿಗ್ಭ್ರಮೆಯಾಯಿತು.

ವೈದ್ಯರು ಹಳೆಯದನ್ನೆಲ್ಲ ಕೆದಕಿ ಕೇಳಿದಾಗ 1984ರ ಅಪಘಾತ ನೆನಪಿಗೆ ಬಂದಿತು. ಶಸ್ತ್ರಚಿಕಿತ್ಸೆಯ ವೇಳೆ ನನಗೆ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಈ ವೈರಾಣುವನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ, ಅಂದರೆ ನಮ್ಮ ತಿರುಮಕೂಡಲಿನ ಸಂಗಮದಲ್ಲಿ ಮೊದಲ ಕುಂಭಮೇಳ ನಡೆದ ವರ್ಷ. ಅದಕ್ಕೆ ಮುನ್ನ ಅದನ್ನು ಪರೀಕ್ಷಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಆದ್ದರಿಂದ ಯಾರನ್ನೂ ದೂರಲಾರೆ.

ಚಿಕಿತ್ಸೆ ಜೂನ್‌ನಲ್ಲಿ ಆರಂಭವಾಯಿತು. ವಾರಕ್ಕೊಂದು ಇಂಟರ್‌ಫೆರಾನ್ ಚುಚ್ಚುಮದ್ದು, ದಿನಕ್ಕೆ ಎರಡು ಸಲ ಊಟದೊಡನೆ ರೈಬಾವಿರಿನ್. ನನ್ನಲ್ಲಿದ್ದುದು ಮೂರನೆಯ ಬಗೆಯ ವೈರಾಣುವಾದ್ದರಿಂದ 24 ವಾರ; ಮೊದಲನೆಯ ಬಗೆಯದಾಗಿದ್ದರೆ 48. ಮೈಸೂರಿನಿಂದ ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮದ್ದನ್ನು ತಂದು ಮನೆಯ ಫ್ರಿಜ್ಜಿನಲ್ಲಿಡಬೇಕು. ವಿದ್ಯುತ್ ಹೋದಾಗಲೆಲ್ಲ ನನ್ನ ಪತ್ನಿ ಅದರ ಬಾಗಿಲನ್ನು ಯಾರೂ ತೆರೆಯದಂತೆ ಕಾವಲು ಕೂರುತ್ತಿದ್ದಳು. ಅವಳಿಗೂ ಮಕ್ಕಳಿಗೂ ಪರೀಕ್ಷೆಯಾಗಿ ಸೋಂಕಿಲ್ಲವೆಂದು ತಿಳಿದಿದ್ದುದೇ ಆಗಿನ ಸಮಾಧಾನ.

ಶನಿವಾರ ಸಂಜೆ ಸೂಜಿ, ರಾತ್ರಿ ಚಳಿಜ್ವರ, ಭಾನುವಾರವೆಲ್ಲ ಕಂಬಳಿಯೊಳಗೆ, ಸೋಮವಾರ ಬೆಳಿಗ್ಗೆ ನಂಜನಗೂಡಿನ ಬಸ್ಸು. ಅಲ್ಲಿನ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ನಿಯಮವಿದ್ದುದರಿಂದ ಸಂಜೆ ಐದಕ್ಕೆ ಕಚೇರಿಯಲ್ಲಿಯೇ ಡಬ್ಬಿ ಬಿಚ್ಚುವುದು ಮೊದಲಿನಿಂದ ರೂಢಿ. ಸಂಜೆಯ ಗುಳಿಗೆ ಅದರೊಡನೆ ಸೇರಿಹೋಯಿತು, ಯಾರಿಗೂ ಸಂದೇಹ ಬರಲಿಲ್ಲ. ಆದರೆ ರಾತ್ರಿ ಜ್ವರ ಏರಿದಾಗ ನೀರು, ಮಾತ್ರೆ ಬೇಕೇ ಬೇಕು. ನಿಯಮ ಸಡಿಲವಾಯಿತು. ಗುಳಿಗೆಯ ಹೊರಕೋಶ ಪ್ರಾಣಿಜನ್ಯ ಜೆಲಟಿನ್‌ನದೆಂಬುದು ಇನ್ನೊಂದು ಸಂಕಟ. ಮಾಂಸವಿಲ್ಲದ ವೈದ್ಯವನ್ನು ಪ್ರತಿಪಾದಿಸಿದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದ ಪರಂಪರೆ ನಮ್ಮದು. ಕೋಶವನ್ನು ಬಿಡಿಸಿ ಪುಡಿಯನ್ನಷ್ಟೇ ನುಂಗಲೇ ಎಂದು ಕೇಳಿದರೆ, ಆ ಪುಡಿ ಮನೆಯವರಿಗೆ ಅಪಾಯಕರ, ಬಿಡಿಸಲೇಬಾರದೆಂದು ವೈದ್ಯರು ಗದರಿದರು. ನುಂಗಿದೆ. ಪ್ರತಿದಿನ ನುಂಗುವಾಗಲೂ ಮನಸ್ಸು ಅಳುಕುತ್ತಿತ್ತು.

ಎಂಟನೆಯ ವಾರದ ಹೊತ್ತಿಗೆ ರಕ್ತಹೀನತೆಯಿಂದ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಕೂಡುವ ಲೆಕ್ಕದಲ್ಲಿ ತಪ್ಪುಗಳಾದವು. ಎಂದೂ ಗದರದಿದ್ದ ಮಗಳ ಮೇಲೆ ಅನ್ನದ ತಟ್ಟೆ ತಳ್ಳಿ ಕೂಗಾಡಿದೆ. ಇದು ಮದ್ದಿನ ಪರಿಣಾಮವೆಂದು ವೈದ್ಯರು ಹೇಳಿದರು. ಕ್ರೋಧಕಷಾಯವು ಸೂಜಿಯ ಮೂಲಕವೂ ದೇಹಕ್ಕೆ ಇಳಿಯಬಹುದೆಂದು ಇಷ್ಟು ಕಾಲ ಸ್ವಾಧ್ಯಾಯ ಮಾಡಿದ ನನಗೆ ತಿಳಿದಿರಲಿಲ್ಲ.

ಇವೆಲ್ಲ ದೇಹದ ಮಾತು. ನನ್ನನ್ನು ನಿಜವಾಗಿ ಕಾಡುತ್ತಿದ್ದುದು ಬೇರೆ. 1992ರಲ್ಲಿ ಸಹೋದ್ಯೋಗಿಯೊಬ್ಬರ ಪತ್ನಿಗೆ ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾದಾಗ ಗುಂಪು ಹೊಂದುವುದೆಂದು ನಾನು ಓಡಿಹೋಗಿ ರಕ್ತ ಕೊಟ್ಟಿದ್ದೆ. ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಆಗಿನ್ನೂ ನಮ್ಮ ದೇಶದಲ್ಲಿ ಕಡ್ಡಾಯವಾಗಿರಲಿಲ್ಲ. ಆ ಒಂದು ದಾನವನ್ನು ಜೀವನದಲ್ಲಿ ಮಾಡಿದ ಒಳ್ಳೆಯ ಕೆಲಸವೆಂದು ಹದಿನೆಂಟು ವರ್ಷ ಎಣಿಸುತ್ತ ಬಂದವನು ನಾನು. ಈಗ ಹೋಗಿ ಹೇಳಬೇಕು. ಹೇಳಿದರೆ ಕಾರ್ಖಾನೆಯಲ್ಲೆಲ್ಲ ತಿಳಿಯುತ್ತದೆ. ಆಗ ಮಗಳ ಸಂಬಂಧದ ಮಾತುಕತೆ ಬೇರೆ ನಡೆದಿತ್ತು. ಅರಿಯದೆ ಆದದ್ದು ಹಿಂಸೆಯಲ್ಲವೆಂದು ನನಗೆ ನಾನೇ ವಾದಿಸಿಕೊಂಡೆ. ಹಿಂಸೆಯ ಮೂಲ ಪ್ರಮಾದ ಎನ್ನುತ್ತದೆ ಶಾಸ್ತ್ರ. 1992ರಲ್ಲಿ ನನ್ನಲ್ಲಿ ಪ್ರಮಾದವಿರಲಿಲ್ಲ, ಸರಿ. ಆದರೆ ತಿಳಿದ ಮೇಲೂ ಸುಮ್ಮನಿದ್ದ ಒಂದೊಂದು ವಾರವನ್ನು ಏನೆಂದು ಕರೆಯಬೇಕು?

ದಶಲಕ್ಷಣ ಪರ್ವದಲ್ಲಿ ಆ ವರ್ಷ ಉಪವಾಸ ಮಾಡಲಾಗಲಿಲ್ಲ. ಉತ್ತಮ ಸತ್ಯದ ದಿನ ಮಾತ್ರ ಕಚೇರಿ ಬಿಟ್ಟೊಡನೆ ಅವರ ಮನೆಗೆ ಹೋದೆ. ಅವರು ನಿವೃತ್ತರಾಗಿ ನಂಜನಗೂಡಿನಲ್ಲಿಯೇ ಇದ್ದರು. ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸೆರಗು ಹಿಡಿದು ಕುಳಿತಿದ್ದು, “ಅವತ್ತು ನೀವು ಬರದೇ ಇದ್ದಿದ್ದರೆ ನನ್ನ ಮಗ ತಬ್ಬಲಿಯಾಗುತ್ತಿದ್ದ. ಪರೀಕ್ಷೆ ಮಾಡಿಸೋಣ ಬಿಡಿ” ಎಂದರು. ಆಕೆಯ ಪತಿ ಮಾತ್ರ ನನ್ನನ್ನೇ ನೋಡುತ್ತ, “ಏಪ್ರಿಲ್‌ನಲ್ಲೇ ಗೊತ್ತಾಯಿತು ಅಂತೀರಿ. ಇಷ್ಟು ದಿನ ಯಾಕೆ ಬರಲಿಲ್ಲ ರಾಯರೇ?” ಎಂದರು. ಉತ್ತರ ಕೊಡಲಾಗಲಿಲ್ಲ.

ಪರೀಕ್ಷೆಯಾಯಿತು. ಸೋಂಕು ತಗುಲಿದ್ದ ಗುರುತು ಆಕೆಯ ರಕ್ತದಲ್ಲಿತ್ತು, ವೈರಾಣು ಇರಲಿಲ್ಲ. ಸೋಂಕಿತರಲ್ಲಿ ಸುಮಾರು ಮೂರರಲ್ಲಿ ಒಬ್ಬರ ದೇಹ ಔಷಧವಿಲ್ಲದೆಯೇ ಅದನ್ನು ಹೊರಹಾಕುತ್ತದೆಯಂತೆ. ಉಳಿದ ಇಬ್ಬರಲ್ಲಿ ಆಕೆ ಒಬ್ಬರಾಗಿದ್ದರೆ ಎಂಬ ಯೋಚನೆ ಇಂದಿಗೂ ಬರುತ್ತದೆ. ನನ್ನ ಚಿಕಿತ್ಸೆ ನವೆಂಬರಿನಲ್ಲಿ ಮುಗಿಯಿತು. ಆರು ತಿಂಗಳ ಬಳಿಕದ ಪರೀಕ್ಷೆಯಲ್ಲಿ ನನ್ನಲ್ಲಿಯೂ ವೈರಾಣು ಕಾಣಲಿಲ್ಲ.

ಈಗ ಸೂಜಿಯೂ ಇಲ್ಲ, ಚಳಿಜ್ವರವೂ ಇಲ್ಲ. 2015ರಿಂದ ನಮ್ಮ ದೇಶದಲ್ಲಿಯೇ ತಯಾರಾಗುವ ಮಾತ್ರೆಗಳಿಂದ ಹೆಚ್ಚಿನವರಿಗೆ 12 ವಾರಗಳಲ್ಲಿ ಗುಣವಾಗುತ್ತಿದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಔಷಧದಾನಕ್ಕೆ ನಿಧಿಯಿಟ್ಟಿರುವ ಬಸದಿಗಳ ಆಡಳಿತದವರು, ಬಹು ಹಿಂದೆ ರಕ್ತ ಪಡೆದ ಹಿರಿಯರನ್ನು ಈ ಪರೀಕ್ಷೆಗೆ ಕರೆದೊಯ್ಯುವ ವ್ಯವಸ್ಥೆಯನ್ನಾದರೂ ಮಾಡಬಹುದು.

ಆ ದಂಪತಿಗಳು ನನ್ನ ಮಗಳ ಮದುವೆಗೆ ಬಂದಿದ್ದರು. ಆಕೆ ಅರಿಸಿನ ಕುಂಕುಮ ತೆಗೆದುಕೊಂಡು ನನ್ನ ಪತ್ನಿಯೊಡನೆ ಬಹಳ ಹೊತ್ತು ಮಾತನಾಡಿದರು. ಅವರ ಪತಿ ಊಟ ಮುಗಿಸಿ, ನನ್ನ ಕೈ ಕುಲುಕಿ, ಸಂಜೆಯ ಬಸ್ಸಿಗೆ ಹೊರಟರು. ಆ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ.