ಮೂರು ಊರು, ಮೂರು ಗಾಡಿ

ಕಳೆದ ಮಾರ್ಗಶಿರ ಮಾಸದ ಒಂದು ಬೆಳಗ್ಗೆ ಮಳವಳ್ಳಿ ಸೀಮೆಯ ಸದ್ಭಕ್ತರೊಬ್ಬರು ನಮ್ಮಲ್ಲಿಗೆ ಬಂದು, ಕುಶಲಪ್ರಶ್ನೆಗಳು ಮುಗಿದ ಮೇಲೆ ಬಹು ಸಂಕೋಚದಿಂದ ಒಂದು ವಿಚಾರವನ್ನು ಮುಂದಿಟ್ಟರು. ನಾಲ್ವರು ಅಣ್ಣತಮ್ಮಂದಿರ ಅವರ ಮನೆಯಲ್ಲಿ ಹಿಸ್ಸೆಯಾಗಿ ಮೂರು ವರ್ಷ ಸಂದಿತ್ತು. ಗದ್ದೆ, ತೆಂಗಿನ ತೋಟ, ಹಿಪ್ಪುನೇರಳೆಯ ಭೂಮಿ, ರೇಷ್ಮೆಯ ಹುಳುಮನೆ, ಕೊನೆಗೆ ಅಡುಗೆಮನೆಯ ಕೊಪ್ಪರಿಗೆಗಳೂ ಹಂಚಿಹೋಗಿದ್ದವು. ಹಂಚಲಾಗದೆ ಉಳಿದದ್ದು ಒಂದೇ ವಸ್ತು: ಮನೆಮಂದಿಯೆಲ್ಲ ಕೂಡುವಂತಹ ಹಳೆಯ ಡೀಸೆಲ್ ಗಾಡಿ. ಅದನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ, ಇಟ್ಟುಕೊಂಡರೆ ಯಾರ ಅಂಗಳದಲ್ಲಿ ಎಂಬ ವಿಚಾರವಾಗಿ ಅಣ್ಣತಮ್ಮಂದಿರು ಮಾತು ಬಿಡುವ ಹಂತಕ್ಕೆ ಬಂದಿದ್ದರು. "ಬುದ್ಧಿ, ಗಾಡಿ ನಂಬುವ ಹಾಗಿದೆಯೋ ಇಲ್ಲವೋ ತಾವು ಬಂದು ನೋಡಿ ಒಂದು ಮಾತು ಹೇಳಿಬಿಡಿ. ನಾಲ್ವರೂ ಒಪ್ಪುತ್ತೇವೆ" ಎಂದರು.

ಮಠದಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿಕೊಂಡ ನಮಗೆ ಎಂಜಿನ್ನಿನ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ಎಲ್ಲಿಯದು? ಆದರೆ ಒಂದು ಅರ್ಹತೆಯನ್ನು ಒಪ್ಪಿಕೊಳ್ಳಲೇಬೇಕು. ಸ್ವಂತ ವಾಹನವಿಲ್ಲದ ನಾವು ನಾಲ್ಕು ದಶಕಗಳಿಂದ ಭಕ್ತರ ಗಾಡಿಗಳ ಹಿಂದಿನ ಆಸನದಲ್ಲಿ ಕುಳಿತು, ಲಗ್ನ, ಗೃಹಪ್ರವೇಶ, ಶಿವಗಣಾರಾಧನೆಗಳಿಗೆ ಈ ಸೀಮೆಯ ಹಳ್ಳಿಹಳ್ಳಿಗಳನ್ನು ಸುತ್ತಿದವರು. ಗಾಡಿಯ ಗುಣವು ಚಾಲಕನಿಗಿಂತ ಹಿಂದೆ ಕುಳಿತವನ ಬೆನ್ನಿಗೆ ಚೆನ್ನಾಗಿ ತಿಳಿಯುತ್ತದೆ. ಹೀಗಾಗಿ ಒಪ್ಪಿದೆವು. ಮಂಡ್ಯದಿಂದ ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವುದು, ದಾರಿಯಲ್ಲಿ ಇಂತಹ ಗಾಡಿಗಳನ್ನು ಬಹುಕಾಲದಿಂದ ಸಾಕಿದವರ ಅನುಭವವನ್ನು ಕೇಳಿಕೊಂಡೇ ಮುಂದುವರಿಯುವುದು ಎಂದು ನಿಶ್ಚಯಿಸಿದೆವು. ಇವಕ್ಕೆ ಎಸ್‌ಯುವಿ, ಎಂಪಿವಿ ಎಂದು ಬೇರೆ ಬೇರೆ ಹೆಸರುಗಳುಂಟಂತೆ. ನಮ್ಮ ಕಡೆಯ ಜನರಿಗೆ ಎಲ್ಲವೂ 'ದೊಡ್ಡ ಗಾಡಿ'ಯೇ. ನಾವೂ ಹಾಗೆಯೇ ಕರೆಯುತ್ತೇವೆ.

ದೊಡ್ಡ ಗಾಡಿ ನಮ್ಮ ಹಳ್ಳಿಗಳಿಗೆ ಬಂದ ಕಥೆಯೂ ಸ್ವಾರಸ್ಯವಾದದ್ದೇ. 1994ರಲ್ಲಿ ಟಾಟಾ ಸುಮೋ ಬಂದಾಗ ಅದರ ಹೆಸರು ಜಪಾನಿನ ಮಲ್ಲರದೆಂದು ಬಹುಮಂದಿ ತಿಳಿದಿದ್ದರು. ವಾಸ್ತವವಾಗಿ ಅದು ಆ ಸಂಸ್ಥೆಯನ್ನು ಮುನ್ನಡೆಸಿದ್ದ ಸುಮಂತ ಮೂಳಗಾಂವಕರ್ ಅವರ ಹೆಸರಿನ ಆದ್ಯಕ್ಷರಗಳಿಂದಾದುದು. 2000ದ ಆರಂಭದಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್ ಹೊರಬಂದಿತು. ಬಿಡದಿಯೆಂದರೆ ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲಿನ ಊರೇ ಆದ್ದರಿಂದ ಮಂಡ್ಯದ ಜನರಿಗೆ ಅದು ನೆರೆಮನೆಯ ಕೂಸಿನಂತೆ ಕಂಡಿತು. ಅದರ ಮೂಲವಾದರೋ ಇಂಡೋನೇಷ್ಯಾದ 'ಕಿಜಾಂಗ್' ಎಂಬ ವಾಹನ; ಆ ನಾಡಿನ ಭಾಷೆಯಲ್ಲಿ ಕಿಜಾಂಗ್ ಎಂದರೆ ಒಂದು ಜಾತಿಯ ಜಿಂಕೆ. ರೂಪದಲ್ಲಿ ಜಿಂಕೆಯ ಲಾವಣ್ಯವೇನೂ ಇರಲಿಲ್ಲ, ಹಳೆಯ ಕಾಲದ ಪೆಟ್ಟಿಗೆಯಂತಿದೆ ಎಂದು ಪೇಟೆಯವರು ನಕ್ಕರು. ಹಳ್ಳಿಯವರು ನಗಲಿಲ್ಲ, ಹತ್ತಿ ಕುಳಿತರು. ಅದೇ ವರ್ಷ ಮಹೀಂದ್ರ ಬೊಲೆರೋ, 2002ರಲ್ಲಿ ಸ್ಕಾರ್ಪಿಯೋ ಬಂದವು. 2005ರಲ್ಲಿ ಕ್ವಾಲಿಸ್ ನಿಂತು ಇನ್ನೋವಾ ಬಂದಿತು. ಸುಮೋದ ತಯಾರಿಕೆ 2019ರಲ್ಲಿ ನಿಂತಿತು. ಆದರೆ ತಯಾರಿಕೆ ನಿಂತ ಗಾಡಿಗಳು ರಸ್ತೆಯಲ್ಲಿ ನಿಂತಿಲ್ಲ. ಯಾವ ಜಾತ್ರೆಯ ಮೈದಾನದಲ್ಲಾದರೂ ಇಂದಿಗೂ ಕಾಣಬಹುದು.

ಮಂಡ್ಯದಲ್ಲಿ ನಾವು ಮೊದಲು ಕಂಡದ್ದು ನಿವೃತ್ತ ಪ್ರೌಢಶಾಲಾ ಉಪಾಧ್ಯಾಯರೊಬ್ಬರ ಕ್ವಾಲಿಸ್. 2003ರಲ್ಲಿ ಕೊಂಡದ್ದು, 3 ಲಕ್ಷ ಕಿಲೋಮೀಟರು ದಾಟಿದೆ. ಗಾಡಿಗಿಂತ ಹೆಚ್ಚಾಗಿ ನಮ್ಮ ಗಮನವನ್ನು ಸೆಳೆದದ್ದು ಅದರ ಮುಂದಿನ ಪೆಟ್ಟಿಗೆಯಲ್ಲಿದ್ದ ಮೂರು ನೋಟುಪುಸ್ತಕಗಳು. ಮಕ್ಕಳ ಹಾಜರಿ ಹಾಕಿದ ಕೈ. ಗಾಡಿಯ ಹಾಜರಿಯನ್ನೂ ಬಿಟ್ಟಿಲ್ಲ. ಎಂದು ಎಣ್ಣೆ ಬದಲಾಯಿಸಿದ್ದು, ಎಷ್ಟು ಡೀಸೆಲ್ ಹಾಕಿದ್ದು, ಚಕ್ರಗಳನ್ನು ಎಂದು ಅದಲುಬದಲು ಮಾಡಿದ್ದು, ಡೀಸೆಲ್ ಶೋಧಕದಿಂದ ನೀರನ್ನು ಇಳಿಸಿದ್ದು, ಎಲ್ಲವೂ ದಿನಾಂಕ ಸಹಿತ ಇದೆ. ಎಂಜಿನ್ನಿನೊಳಗೆ ಕವಾಟಗಳ ಚಲನೆಯನ್ನು ಕ್ರಮದಲ್ಲಿಡುವ ರಬ್ಬರಿನ ಪಟ್ಟಿಯೊಂದಿರುತ್ತದೆ, ಟೈಮಿಂಗ್ ಬೆಲ್ಟ್ ಎನ್ನುತ್ತಾರೆ. ಅದು ಹರಿಯುವ ಮುನ್ನ ಯಾವ ಸದ್ದೂ ಮಾಡುವುದಿಲ್ಲ. ಹರಿದರೆ ಎಂಜಿನ್ನೇ ಕೆಡಬಹುದು. ಕೈಪಿಡಿ ಹೇಳಿದ ದೂರ ತುಂಬುವ ಮೊದಲೇ ಅದನ್ನು ಬದಲಾಯಿಸಿದ ಲೆಕ್ಕ ಅಲ್ಲಿತ್ತು. ಇಡೀ ಪುಸ್ತಕದಲ್ಲಿ ಕೆಂಪು ಶಾಯಿಯ ಸಾಲು ಒಂದೇ. ಹನೂರಿನ ಆಚೆ ನೀರಿನ ಕೊಳವೆ ಒಡೆದು ಕುಟುಂಬ ಸಮೇತ ಬಿಸಿಲಲ್ಲಿ ಮೂರು ತಾಸು ನಿಂತದ್ದು. ಅದರ ಮುಂದೆ, 'ಬದಲಾಯಿಸಲು ಹೇಳಿದ್ದರು, ಉದಾಸೀನ ಮಾಡಿದೆ. ತಪ್ಪು ನನ್ನದು' ಎಂದು ಬರೆದುಕೊಂಡಿದ್ದಾರೆ. ಶಿಷ್ಯರ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುವವರು ಬಹುಮಂದಿ. ತಮ್ಮದನ್ನು ಬರೆದುಕೊಳ್ಳುವವರು ವಿರಳ.

ವರ್ಷಕ್ಕೊಮ್ಮೆ ಅವರು ಮನೆಮಂದಿಯೊಡನೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತಾರೆ. ತಾಳಬೆಟ್ಟದಿಂದ ಏರುವಾಗ ಗಾಡಿಗೆ ಕಷ್ಟವೆಂದು ಎಲ್ಲರೂ ತಿಳಿಯುತ್ತಾರೆ. ನಿಜವಾದ ಪರೀಕ್ಷೆ ಇಳಿಯುವಾಗ ಎಂಬುದು ಅವರ ಅಭಿಪ್ರಾಯ. ಎಂಟು ಜನರ ಭಾರ ಹೊತ್ತ ಗಾಡಿಯನ್ನು ಬ್ರೇಕಿನಿಂದಲೇ ತಡೆಯುತ್ತ ಬಂದರೆ ಅದು ಕಾದು ಹಿಡಿತ ತಪ್ಪುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ಈ ಮಾತು ಬೆಟ್ಟಕ್ಕಷ್ಟೇ ಅಲ್ಲ. ನಮ್ಮ ಜಿಲ್ಲೆಯಲ್ಲಿ ನಾಲೆಯ ಏರಿಯ ಮೇಲಿನ ದಾರಿಗಳೇ ಹೆಚ್ಚು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜೀವಗಳು ಹೋದ ಮೇಲೆ, ನಾಲೆಯ ಬದಿಯಲ್ಲಿ ಹೋಗುವಾಗ ತಾವು ಮಾತನಾಡುವುದನ್ನು ನಿಲ್ಲಿಸುವುದಾಗಿ ಉಪಾಧ್ಯಾಯರು ಹೇಳಿದರು. ನಾವೂ ಮರುಮಾತನಾಡಲಿಲ್ಲ.

ಅವರ ಗಾಡಿಯಲ್ಲಿಯೇ ಮದ್ದೂರಿಗೆ ಹೊರಟೆವು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿ ಮಂಡ್ಯವನ್ನೂ ಮದ್ದೂರನ್ನೂ ಪಕ್ಕಕ್ಕಿರಿಸಿ ಸಾಗುತ್ತದೆ. ನಾವು ಊರೊಳಗಿನ ಹಳೆಯ ದಾರಿಯನ್ನೇ ಹಿಡಿದೆವು. 1917ರಲ್ಲಿ ಮದ್ದೂರಿನ ರೈಲುನಿಲ್ದಾಣದಲ್ಲಿ ಹುಟ್ಟಿತೆನ್ನುವ ವಡೆಯನ್ನು ತಿನ್ನಲು ಹಿಂದೆ ಪ್ರತಿಯೊಂದು ಗಾಡಿಯೂ ಇಲ್ಲಿ ನಿಲ್ಲುತ್ತಿತ್ತು. ಈಗ ಬಹುಪಾಲು ಗಾಡಿಗಳು ನಿಲ್ಲದೆಯೇ ಹೋಗುತ್ತವೆ. ವಡೆಯ ವಿಷಯ ಇಷ್ಟೇ ಸಾಕು; ಬರೆಯುತ್ತ ಹೋದರೆ ಗಾಡಿ ಮುಂದಕ್ಕೆ ಸಾಗದು.

ಮದ್ದೂರಿನ ಬೆಲ್ಲದ ವ್ಯಾಪಾರಿಗಳ ಅನುಭವ ಬೇರೆಯ ಬಗೆಯದು. ಅವರದು 2020ರ ಅನಂತರ ಕೊಂಡ ಹೊಸ ಗಾಡಿ. ಯಾರು ಮಾಡಿದ್ದೆಂಬುದು ಇಲ್ಲಿ ಬೇಡ. ಆ ವರ್ಷದ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ಎಂಬ ಕಟ್ಟುನಿಟ್ಟಿನ ಹೊಗೆ ನಿಯಮ ಜಾರಿಗೆ ಬಂದಿತಷ್ಟೆ. ಅದಕ್ಕಾಗಿ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವನ್ನಿಟ್ಟರು. ಹಿಡಿದ ಮಸಿಯನ್ನು ಆ ಶೋಧಕ ತಾನೇ ಸುಟ್ಟುಕೊಳ್ಳಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು, ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ನಮ್ಮ ವ್ಯಾಪಾರಿಗಳ ಗಾಡಿಯಾದರೋ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಆಲೆಮನೆಗೆ, ಹೀಗೆ ಮೂರು ನಾಲ್ಕು ಕಿಲೋಮೀಟರಿನ ಓಡಾಟದಲ್ಲಿಯೇ ವರ್ಷ ಕಳೆಯಿತು. ಮಸಿ ತುಂಬಿತು, ದೀಪ ಹೊತ್ತಿತು, ಅವರು ದೀಪವನ್ನು ಲಕ್ಷಿಸಲಿಲ್ಲ. ವೃದ್ಧ ತಾಯಿಯವರನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವ ದಿನ ಚನ್ನಪಟ್ಟಣದ ಬಳಿ ಗಾಡಿ ಶಕ್ತಿಗುಂದಿ ಆಮೆಯ ನಡೆಗೆ ಬಂದಿತು. ತಾಯಿಯವರನ್ನು ಬೇರೆ ಕಾರಿಗೆ ಎತ್ತಿ ಕೂರಿಸಬೇಕಾಯಿತು. "ಹೊಸ ಗಾಡಿಯೆಂದು ನಂಬಿದ್ದೆ, ಬುದ್ಧಿ" ಎಂದು ಅವರು ಎರಡು ಸಲ ಹೇಳಿದರು.

ಈಗ ಅವರು ವಾರಕ್ಕೊಮ್ಮೆ, ಕೆಲಸವಿರಲಿ ಇಲ್ಲದಿರಲಿ, ಹೆದ್ದಾರಿಯಲ್ಲಿ ಚನ್ನಪಟ್ಟಣದವರೆಗೆ ಹೋಗಿಬರುತ್ತಾರೆ. ಗಾಡಿಗೆ ವಾಯುವಿಹಾರ! ಮೊಮ್ಮಕ್ಕಳಿಗೆ ಅದೊಂದು ಸಂತೋಷದ ಪ್ರಯಾಣ. ಅವರ ಮತ್ತೊಂದು ಶತ್ರು ಇಲಿ. ಕಬ್ಬಿನ ಗದ್ದೆಯ ಪಕ್ಕದ ಕೊಟ್ಟಿಗೆಯಲ್ಲಿ ರಾತ್ರಿ ನಿಂತ ಗಾಡಿಯ ಬಿಸಿ ಎಂಜಿನ್ನು ಇಲಿಗೆ ಚಳಿಗಾಲದ ಮನೆ. ತಂತಿಯ ಹೊದಿಕೆ ಅದರ ಆಹಾರ. ತಂತಿಗಳೇ ಕಡಮೆಯಿದ್ದ ಹಳೆಯ ಗಾಡಿಯಲ್ಲಿ ಒಂದು ದೀಪ ಆರುತ್ತಿತ್ತು, ಅಷ್ಟೆ. ಹೊಸತರಲ್ಲಿ ಒಂದು ತಂತಿ ತುಂಡಾದರೂ ಗಾಡಿ ಹೊರಡದೆ ಹೋಗಬಹುದು. ಬಾನೆಟ್ಟನ್ನು ದಿನವೂ ತೆರೆದು ನೋಡುವುದಕ್ಕಿಂತ ಮಿಗಿಲಾದ ಮದ್ದು ಅವರಿಗೆ ಇದುವರೆಗೆ ದೊರೆತಿಲ್ಲ.

ಮದ್ದೂರಿನಿಂದ ಮಳವಳ್ಳಿಯ ದಾರಿ ಕಾಳಮುದ್ದನದೊಡ್ಡಿಯ ಮೇಲೆ ಹೋಗುತ್ತದೆ. ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಬಹಳ ಹೊತ್ತು ನಿಧಾನವಾಗಿ ಸಾಗಿದೆವು. ನೀರಾವರಿಯ ಹಸುರು ಮುಗಿದು ಖುಷ್ಕಿ ಹೊಲಗಳು ತೊಡಗಿದ ಕಡೆ ರೈತರು ಹುರುಳಿಯ ಬಳ್ಳಿಗಳನ್ನು ಟಾರುರಸ್ತೆಯ ಮೇಲೆಯೇ ಹರಡಿದ್ದರು. ಕಣ ಮಾಡುವ ಶ್ರಮ ಬೇಡವೆಂದು ಗಾಡಿಗಳಿಂದ ತುಳಿಸುವ ಪದ್ಧತಿ. ಹುರುಳಿಯ ಬಳ್ಳಿ ಹಗ್ಗದಂತಹದು. ತಿರುಗುವ ದಂಡಕ್ಕೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗುಲಿ ಹೊತ್ತಿಕೊಳ್ಳುತ್ತದೆ. ಹೀಗೆ ಸುಟ್ಟುಹೋದ ಕಾರುಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಪ್ರತಿ ಸುಗ್ಗಿಯಲ್ಲಿಯೂ ಓದುತ್ತೇವೆ. ಉಪಾಧ್ಯಾಯರು ಬಳ್ಳಿಯ ರಾಶಿಯನ್ನು ದಾಟಿದ ಕೂಡಲೇ ಗಾಡಿಯನ್ನು ನಿಲ್ಲಿಸಿ, ಅರವತ್ತೆಂಟರ ವಯಸ್ಸಿನಲ್ಲಿ ನೆಲಕ್ಕೆ ಬಗ್ಗಿ, ಕೆಳಗಿನಿಂದ ಎರಡು ಹಿಡಿ ಹುರುಳಿಬಳ್ಳಿ ಕಿತ್ತು ತೆಗೆದರು. ಆಗಲೇ ಸ್ವಲ್ಪ ಕರಿದಾಗಿತ್ತು. ರೈತ ಓಡಿಬಂದು ಕ್ಷಮೆ ಕೇಳಿದನು. ಅವನ ಕಾಳನ್ನು ಅವನ ಕೈಗೆ ಕೊಟ್ಟು ಮುಂದೆ ಹೊರಟೆವು.

ಮಳವಳ್ಳಿಯ ಆ ಮನೆಯನ್ನು ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಪ್ರಸಾದ ಸ್ವೀಕರಿಸಿ, ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಹುಣಿಸೆಮರದ ಕೆಳಗೆ ನಿಂತಿದ್ದ ಗಾಡಿಯ ಬಳಿಗೆ ಹೋದೆವು. ಅದು ಆ ಮನೆಯ ಹಿರಿಯರು ಲಿಂಗೈಕ್ಯರಾಗುವ ಮೊದಲು ತಾವೇ ನಿಂತು ಕೊಂಡದ್ದು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತದ್ದು, ಐವರು ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳುಹಿಸಿದ್ದು, ಸುತ್ತೂರಿನ ಜಾತ್ರೆಗೆ ಕೇರಿಯ ಅರ್ಧ ಮಂದಿಯನ್ನು ಒಯ್ದದ್ದು ಅದೇ ಗಾಡಿ. ಮೆಕ್ಯಾನಿಕ್ ಒಂದು ತಾಸು ನೋಡಿದರು. ಎಂಜಿನ್ನು ಗಟ್ಟಿ, ಚಾಸಿ ತುಕ್ಕು ಹಿಡಿದಿಲ್ಲ. ಆದರೆ ಬ್ಯಾಟರಿ ಸತ್ತಿದೆ, ಬ್ರೇಕಿನ ಎಣ್ಣೆ ಕಷಾಯದಂತೆ ಕಪ್ಪಾಗಿದೆ, ಡೀಸೆಲ್ಲಿನಲ್ಲಿ ನೀರಿದೆ. ಚಕ್ರದ ಪಕ್ಕೆಯ ಮೇಲೆ ನಾಲ್ಕು ಅಂಕೆಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಲ್ಲಿ ಕೊನೆಯಲ್ಲಿ 14 ಎಂದಿತ್ತು. ರಬ್ಬರು ಬರಗಾಲದ ಕೆರೆಯಂಗಳದಂತೆ ಬಿರುಕುಬಿಟ್ಟಿತ್ತು.

ಎಣ್ಣೆಯನ್ನು ಕೊನೆಗೆ ಯಾರು ಬದಲಾಯಿಸಿದಿರಿ ಎಂದು ಕೇಳಿದೆವು. ಹಿರಿಯವರು ಎರಡನೆಯವರನ್ನು ನೋಡಿದರು, ಎರಡನೆಯವರು ಮೂರನೆಯವರನ್ನು. ನಾಲ್ಕನೆಯವರು ನೆಲವನ್ನು ನೋಡಿದರು. ಡೀಸೆಲ್ ಮಾತ್ರ ಪ್ರತಿಯೊಬ್ಬರೂ ಹಾಕಿಸಿದ್ದಾರೆ, ತಮಗೆ ಬೇಕಾದಷ್ಟು. ಕಾಗದಪತ್ರ ಕೇಳಿದರೆ ನೋಂದಣಿ ಇನ್ನೂ ತಂದೆಯವರ ಹೆಸರಿನಲ್ಲಿಯೇ ಇದೆ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ವರ್ಗಾವಣೆ ಕೋರಬೇಕೆಂಬುದು ನಿಯಮ. ವಿಮೆಯೂ ಅದರೊಡನೆಯೇ ಬದಲಾಗಬೇಕು. ಓದುವ ಗೃಹಸ್ಥರು ಒಮ್ಮೆ ತಮ್ಮ ಮನೆಯ ಪೆಟ್ಟಿಗೆಯನ್ನು ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ಆಗ ಬಾಗಿಲ ಮರೆಯಲ್ಲಿದ್ದ ಹಿರಿಯ ಸೊಸೆ ಒಂದು ರಾತ್ರಿಯ ಸಂಗತಿಯನ್ನು ಹೇಳಿದರು. ಗಂಡಸರು ಯಾರೂ ಅದನ್ನು ನಮಗೆ ಹೇಳಿರಲಿಲ್ಲ. ಕಳೆದ ಆಷಾಢದ ಮಳೆಯಲ್ಲಿ ಕಿರಿಯ ಸೊಸೆಗೆ ದಿನ ತುಂಬುವ ಮೊದಲೇ ನೋವು ಕಾಣಿಸಿತು. ಅರ್ಧರಾತ್ರಿ. ನಾಲ್ವರೂ ಜಗಳ ಮರೆತು ಓಡಿಬಂದರು, ಕೀಲಿ ತಿರುಗಿಸಿದರು. ಗಾಡಿ ಉಸಿರೆತ್ತಲಿಲ್ಲ. ಮಳೆಯಲ್ಲಿ ನಾಲ್ವರೂ ಕೂಡಿ ಕೇರಿಯ ಕೊನೆಯವರೆಗೆ ದೂಡಿದರು, ಆಗಲೂ ಇಲ್ಲ. 108ರ ವಾಹನಕ್ಕೆ ತಿಳಿಸಿ ಕಾದು ಕುಳಿತರು. ಅದು ಬರುವ ಹೊತ್ತಿಗೆ ಮಗು ನಡುಮನೆಯಲ್ಲಿ, ಹಿರಿಯ ಸೊಸೆಯ ಕೈಯಲ್ಲಿಯೇ ಹುಟ್ಟಿತ್ತು. ಶಿವಕೃಪೆಯಿಂದ ತಾಯಿಯೂ ಮಗುವೂ ಉಳಿದರು. "ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡದಂತಾಗಿದ್ದಾರೆ. ಗಾಡಿ ಮಾರಿದರೆ ಆ ರಾತ್ರಿಯೂ ಹೋಗುತ್ತದೆ ಅಂದುಕೊಂಡಿದ್ದಾರೆ" ಎಂದರು.

ನಾವು ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಮೆಕ್ಯಾನಿಕ್ ಹೇಳಿದ್ದನ್ನೇ ಪುನಃ ಹೇಳಿದೆವು: ಗಾಡಿ ನಂಬುವಂತಹದೇ, ಅದಕ್ಕೆ ಒಬ್ಬ ಯಜಮಾನ ಬೇಕು, ನಾಲ್ವರಲ್ಲ. ಅನಂತರ ಉಪಾಧ್ಯಾಯರ ನೋಟುಪುಸ್ತಕವನ್ನು ತರಿಸಿ, ಕೆಂಪು ಸಾಲನ್ನೂ ಸೇರಿಸಿ, ಎರಡು ಪುಟ ಗಟ್ಟಿಯಾಗಿ ಓದಿಸಿದೆವು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದ ಕಿರಿಯ ಸೊಸೆ, "ಕೀಲಿ ನಮ್ಮ ಮನೆಯ ಗೂಟದಲ್ಲಿರಲಿ. ಯಾರು ಬೇಕಾದರೂ ಒಯ್ಯಲಿ, ತಂದಿಟ್ಟಾಗ ನನ್ನ ಪುಸ್ತಕದಲ್ಲಿ ಬರೆಯಲಿ" ಎಂದಳು. ಹಿರಿಯರು ತಲೆಯಾಡಿಸಿದರು. ನೋಂದಣಿಯೂ ಅವಳ ಹೆಸರಿಗೇ ಆಗಲಿ ಎಂದು ಮೂರನೆಯವರು ಹೇಳಿದಾಗ ಮಾತ್ರ ಸ್ವಲ್ಪ ಗುಸುಗುಸು ನಡೆದು, ಕಡೆಗೆ ಅದೂ ಆಯಿತು. ಬ್ಯಾಟರಿಯ ಹಣವನ್ನು ನಾಲ್ಕು ಪಾಲು ಮಾಡಿದರು. ಚಕ್ರಗಳ ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಉಪಾಧ್ಯಾಯರು ತಮ್ಮ ಬೀಗರ ಮನೆಗೆಂದು ಕೊಳ್ಳೇಗಾಲದ ಕಡೆಗೆ ಹೊರಟರು. ಹಿರಿಯ ಗಾಡಿಯಲ್ಲಿಯೇ ನಮ್ಮನ್ನು ಮಂಡ್ಯಕ್ಕೆ ಬಿಡುವುದಾಗಿ ಅಣ್ಣತಮ್ಮಂದಿರು ಒತ್ತಾಯಿಸಿದರು. ಆ ಚಕ್ರಗಳನ್ನು ಇನ್ನೊಮ್ಮೆ ನೋಡಿ, ನಾವು ಸರ್ಕಾರಿ ಬಸ್ಸಿನಲ್ಲಿ ಬಂದೆವು.