ಮುಂಡಾಜೆಯ ರಾತ್ರಿ ಊಟ ಮತ್ತು ಅಜ್ಜನ ನಿದ್ದೆ

ಉಜಿರೆ ದಾಟಿ ಚಾರ್ಮಾಡಿ ಘಾಟಿಯತ್ತ ಹೊರಟ ಬಸ್ಸಿನಲ್ಲಿ ಕುಳಿತವರಿಗೆ ಮುಂಡಾಜೆ ಬಂದದ್ದು ತಿಳಿಯುವುದು ಅಡಿಕೆ ತೋಟಗಳ ತಂಪಿನಿಂದ. ಇಲ್ಲಿ ಹರಿಯುವ ಮೃತ್ಯುಂಜಯ ಹೊಳೆ ಮುಂದೆ ಪಜಿರಡ್ಕದಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಹೆದ್ದಾರಿ ಬಿಟ್ಟು ತೋಟದ ದಾರಿ ಹಿಡಿದರೆ ಹಂಚಿನ ಮನೆ, ಅಂಗಳದ ತುಂಬ ಒಣಹಾಕಿದ ಅಡಿಕೆ. ಹಳೆಯ ಮನೆಗಳಲ್ಲಿ ಬಚ್ಚಲು, ಪಾಯಿಖಾನೆ ಅಂಗಳದಾಚೆಗೆ. ಮಳೆಗಾಲದಲ್ಲಿ ಅಲ್ಲಿಗಿಳಿಯುವ ಮುರಕಲ್ಲಿನ ಮೆಟ್ಟಿಲು ಹಾವಸೆ ಹಿಡಿದು ಜಾರುತ್ತದೆ.

ಟಾರ್ಚು ಹಿಡಿದು ಆ ಮೆಟ್ಟಿಲನ್ನು ರಾತ್ರಿ ಮೂರು ನಾಲ್ಕು ಸಲ ಇಳಿಯುವವರು ಅಜ್ಜಂದಿರು. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಅಜ್ಜನೂ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ರಾತ್ರಿ ಬಸ್ಸು ಮಾತ್ರ ಬೇಡವೆನ್ನುತ್ತಾರೆ.

ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿಯಿದೆ. ಯೌವನದಲ್ಲಿ ಅದು ಸುಮಾರು 20 ಗ್ರಾಂ, ಸಣ್ಣ ಹಣ್ಣಡಿಕೆಯಷ್ಟು. ನಡುವಯಸ್ಸಿನ ಬಳಿಕ ಹಲವರಲ್ಲಿ ಅದು ಬೆಳೆಯತೊಡಗಿ, ತೋಟಕ್ಕೆ ನೀರು ಬಿಡುವ ಪೈಪನ್ನು ಒತ್ತಿ ಹಿಡಿದಂತೆ ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರಿನಲ್ಲೂ ಇದೇ ಲಕ್ಷಣ ಕಾಣಬಹುದು. ರಾತ್ರಿ ಪದೇ ಪದೇ ಏಳುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಾಗಬಹುದು. ವೈದ್ಯರು ನೋಡದೆ ಗೊತ್ತಾಗದು.

ಇನ್ನು ಊಟ. ತಿಳಿ ಸಮೇತ ಕುಚ್ಚಲಕ್ಕಿ ಗಂಜಿ, ಮೇಲೆ ಮಜ್ಜಿಗೆ, ಮಲಗುವ ಮುಂಚೆ ಒಂದು ಚೊಂಬು ನೀರು. ಊಟದಲ್ಲಿ ದೋಷವಿಲ್ಲ, ದೋಷ ಹೊತ್ತಿನದು. ಗಂಜಿಯನ್ನು ಬೆಳಗ್ಗೆಗೆ ಇಟ್ಟು, ರಾತ್ರಿ ಏಳು ಗಂಟೆಗೇ ಗಟ್ಟಿ ಊಟ ಮುಗಿಸಿ, ಸಂಜೆಯ ಕಾಫಿ ಬಿಟ್ಟರೆ ಏಳುವ ಸಲಗಳು ಕಡಿಮೆಯಾಗಬಹುದು. ಅಜ್ಜಂದಿರು ಮಾಡುವುದು ಇದರ ತಿರುವುಮುರುವು: ಹಗಲಿಡೀ ತೋಟದಲ್ಲಿ ಬೆವರಿ ನೀರೇ ಕುಡಿಯುವುದಿಲ್ಲ. ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಮಲಬದ್ಧತೆ ಸೇರಿದರೆ ತೊಂದರೆ ಇಮ್ಮಡಿ. ಬಸಳೆ, ಹುರುಳಿ, ಅಲಸಂಡೆ, ಪಪ್ಪಾಯಿ ಇಲ್ಲಿ ಉಪಕಾರಿ. ಅವು ಗ್ರಂಥಿಯನ್ನು ಕುಗ್ಗಿಸುವುದಿಲ್ಲ, ಹೊಟ್ಟೆಯನ್ನು ಸರಾಗವಾಗಿಡುತ್ತವೆ.

ಒಂದು ಸ್ವಾರಸ್ಯ. ಅಮೆರಿಕದ ಫ್ಲಾರಿಡಾ ಕಡೆ ಅಡಿಕೆಯದೇ ಕುಟುಂಬದ ಸಾ ಪಾಮೆಟೊ ಎಂಬ ಕುಳ್ಳ ತಾಳೆಯಿದೆ. ಅದರ ಹಣ್ಣಿನ ಸಾರ ಪ್ರಾಸ್ಟೇಟಿಗೆ ಮದ್ದೆಂದು ಜಗತ್ತಿನಾದ್ಯಂತ ಮಾರಾಟವಾಗುತ್ತದೆ. 2006ರಲ್ಲಿ, ಮತ್ತೆ 2011ರಲ್ಲಿ, ಅದನ್ನು ಕೊಟ್ಟವರನ್ನೂ ಹುಸಿಗುಳಿಗೆ ಕೊಟ್ಟವರನ್ನೂ ಹೋಲಿಸಿ ನೋಡಿದರು. ವ್ಯತ್ಯಾಸ ಕಾಣಲಿಲ್ಲ, ಎರಡನೆಯ ಸಲ ಮೂರು ಪಟ್ಟು ಪ್ರಮಾಣ ಕೊಟ್ಟರೂ. ಸುಮಾರು 35,000 ಗಂಡಸರ ಮೇಲಿನ ಇನ್ನೊಂದು ಪ್ರಯೋಗದಲ್ಲಿ ಇ ವಿಟಮಿನ್ ಗುಳಿಗೆ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಹೆಚ್ಚಿತ್ತೆಂದು 2011ರಲ್ಲಿ ವರದಿಯಾಯಿತು. ಪೇಪರಿನ ಜಾಹೀರಾತು ನೋಡಿ ಡಬ್ಬಿ ತರಿಸುವ ಮಕ್ಕಳು ಇದನ್ನು ಗಮನಿಸಬೇಕು.

ಘಾಟಿಯ ಬುಡದ ಮಳೆಯೆಂದರೆ ಶೀತ ತಪ್ಪಿದ್ದಲ್ಲ. ಮೂಗು ಕಟ್ಟಿತೆಂದು ಅಂಗಡಿಯಿಂದ ತರುವ ಕೆಲವು ಶೀತದ ಗುಳಿಗೆಗಳು ಗ್ರಂಥಿ ದೊಡ್ಡದಾದವರಲ್ಲಿ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು. ಹಾಗಾದರೆ ಬಾರ್ಲಿ ನೀರು ಕುಡಿಸುತ್ತ ಬೆಳಗಿನವರೆಗೆ ಕಾಯುವಂತಿಲ್ಲ. ಮಳೆ ಎಷ್ಟೇ ಇರಲಿ, ಆ ರಾತ್ರಿಯೇ ಜೀಪು ಕರೆಸಿ ಆಸ್ಪತ್ರೆಗೆ ಹೊರಡಬೇಕು.