ಅಗಳಿ ಹಾಕಿದ ಬಾಗಿಲಿನ ಹಿಂದೆ

ಶಿರ್ತಾಡಿಯಿಂದ ಮೂಡುಬಿದಿರೆಗೆ ಹೋಗುವ ಬಸ್ಸನ್ನು ನಮ್ಮ ಹೆಣ್ಣುಮಕ್ಕಳು ಏರುವಾಗಲೆಲ್ಲ ನೆರೆಯ ಬಂಟ್ವಾಳದ ಒಂದು ಪ್ರಕರಣವು ನಮಗೆ ನೆನಪಾಗುತ್ತದೆ. ಬರಿಮಾರಿನ ಯುವತಿಯೊಬ್ಬಳು 2009ರಲ್ಲಿ ಕಾಣೆಯಾದಳು. ದೂರವಾಣಿ ಕರೆಗಳ ಜಾಡು ಹಿಡಿದ ಪೊಲೀಸರು, ಶಾಲಾ ಶಿಕ್ಷಕನಾಗಿದ್ದ ಮೋಹನ ಕುಮಾರನನ್ನು ಅದೇ ವರ್ಷ ಬಂಧಿಸಿದರು. ಅವನ ಮೇಲಿದ್ದುದು 20 ಸ್ತ್ರೀಯರ ಕೊಲೆಯ ಆರೋಪ. ಮದುವೆಯ ಆಸೆ ತೋರಿಸಿ ಪರವೂರಿಗೆ ಕರೆದೊಯ್ದು, ಗರ್ಭನಿರೋಧಕ ಮಾತ್ರೆಯೆಂದು ಸೈನೈಡ್ ಕೊಡುತ್ತಿದ್ದನು.

ಶವಗಳು ದೊರೆತದ್ದು ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ. ಬಾಗಿಲಿಗೆ ಒಳಗಿನಿಂದಲೇ ಅಗಳಿ. ಆದುದರಿಂದ ಆತ್ಮಹತ್ಯೆಯೆಂಬ ಊಹೆ. ಆದರೆ ಮದುವಣಗಿತ್ತಿಯಂತೆ ಸೀರೆ ಉಟ್ಟವಳ ಮೈಮೇಲೆ ಒಡವೆ ಏಕಿಲ್ಲ? ಸ್ಥಳದಲ್ಲಿ ಇರುವುದಷ್ಟೇ ಅಲ್ಲ, ಇರಬೇಕಾಗಿದ್ದು ಇಲ್ಲದಿರುವುದೂ ಸಾಕ್ಷ್ಯವೇ.

ಸೈನೈಡು ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ತಡೆಯುತ್ತದೆ. ಅದರ ಕಹಿಬಾದಾಮಿಯ ವಾಸನೆ ಎಲ್ಲರ ಮೂಗಿಗೂ ತಿಳಿಯದು, ವೈದ್ಯರಾದರೂ ಅಷ್ಟೇ. ಬೇಗ ಆವಿಯಾಗುವ ವಿಷವಾದ್ದರಿಂದ ಜಠರ, ಯಕೃತ್ತು, ರಕ್ತದ ಮಾದರಿಗಳನ್ನು ಬಿಗಿಯಾಗಿ ಮೊಹರು ಮಾಡಿ, ವಿಳಂಬವಿಲ್ಲದೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆ ಭರಣಿ ಯಾರ ಕೈಯಿಂದ ಯಾರ ಕೈಗೆ ದಾಟಿತೆಂಬುದು ಬರಹದಲ್ಲಿರದಿದ್ದರೆ ನ್ಯಾಯಾಲಯದಲ್ಲಿ ಅದರ ಬೆಲೆ ಕುಗ್ಗುತ್ತದೆ.

ಪ್ರಯೋಗಾಲಯವು ವಿಷದ ಹೆಸರನ್ನು ಹೇಳಬಲ್ಲುದು, ಮಗಳ ಹೆಸರನ್ನಲ್ಲ. ಅದಕ್ಕೆ ಮನೆಯವರ ದೂರು ಬೇಕು. ಕೆಲವು ಮನೆಗಳು ಮಾನಕ್ಕಂಜಿ ಸುಮ್ಮನಿದ್ದುವು. ಮದುವೆಯ ಖರ್ಚನ್ನು ನೆನೆದು ನಿಟ್ಟುಸಿರಿಡುವ ನಮ್ಮಂಥ ಮನೆಗಳೇ ಅವು.

ಮಂಗಳೂರಿನ ನ್ಯಾಯಾಲಯವು 2013ರಲ್ಲಿ ಅವನನ್ನು ಅಪರಾಧಿಯೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯು, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುತ್ತದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ಆತ್ಮಹತ್ಯೆಯೆಂದು ಮೊದಲೇ ಬರೆದಿಟ್ಟ ಸಾವಿಗೆ ಅವರನ್ನು ಕರೆಯುವವರು ಯಾರು?